ಮಾಯ್ರಾಳ ಜಡೆ

ಮಾಯ್ರಾಳಿಗೆ ತಾಯಿಯ ಕೂದಲು ಬಂದಿತ್ತು. ಜೋಳದ ತೆನೆಯ ತುದಿಗೆ ಇಳಿಬಿದ್ದಿರುತ್ತದಲ್ಲ, ಆ ರೇಷ್ಮೆಯಂಥ ಕೂದಲು. ಬಾಚಣಿಗೆಗೆ ಸರಿಯಾಗಿ ಸಿಗದು, ಹೆಣೆದರೆ ಹೆಣಿಗೆಯಲ್ಲಿ ನಿಲ್ಲದು. ಬೆಳಿಗ್ಗೆ ಎಷ್ಟೇ ಒಪ್ಪವಾಗಿ ಜಡೆ ಹಾಕಿ ಬಿಳಿ ರಿಬ್ಬನ್ ಕಟ್ಟಿ ಕಳಿಸಿದರೂ ಶಾಲೆ ಬಿಡುವ ಹೊತ್ತಿಗೆ ಮುಖದ ತುಂಬ ಹರಡಿಕೊಂಡಿರುತ್ತಿತ್ತು. ರಿಬ್ಬನ್ನು ಒಮ್ಮೊಮ್ಮೆ ಜೇಬಿನಲ್ಲಿ ಸಿಗುತ್ತಿತ್ತು, ಒಮ್ಮೊಮ್ಮೆ ಸಿಗುತ್ತಲೇ ಇರಲಿಲ್ಲ.

ಜಡೆ ಹಾಕುತ್ತಿದ್ದವಳು ಎರ್ಲಿಂಡಾ, ತಾಯಿಯ ತಾಯಿ. ಮಗಳು ನೋರ್ಮಾ ಹೊಟ್ಟೆಯ ಕಾಯಿಲೆಯಿಂದ ತೀರಿಕೊಂಡಾಗ ಮಾಯ್ರಾಳಿಗೆ ಆರು ವರ್ಷ. ಅಳಿಯ ನಿಲ್ಟನ್ ಮೀನಿನ ಬೋಟಿನಲ್ಲಿ ಕೆಲಸದವನು, ಹೋದರೆ ಮೂರು ನಾಲ್ಕು ದಿನ ಸಮುದ್ರದ ಮೇಲೇ. ಸಂಸ್ಕಾರ ಮುಗಿದ ಸಂಜೆ ಅವನು ತಲೆ ತಗ್ಗಿಸಿಕೊಂಡು, "ಬಂದುಬಿಡಿ ಅತ್ತೆ, ಮಗೂನ ನೋಡ್ಕೊಳ್ಳೋರು ಯಾರೂ ಇಲ್ಲ" ಎಂದಿದ್ದ. ಎರ್ಲಿಂಡಾ ಕಾಸ್ಮಾ ಎಂಬ ಊರಿನಲ್ಲಿ ತಂಗಿಯ ಜೊತೆಗಿದ್ದವಳು, ಕೋಳಿಗಳನ್ನು ತಂಗಿಗೇ ಬಿಟ್ಟು ಅಳಿಯನ ಊರಾದ ಚಿಂಬೋಟೆಗೆ ಬಂದಳು. ಅಳಿಯನ ಮನೆಯಲ್ಲಿ ಎಷ್ಟು ದಿನ ಇರುತ್ತೀ ಎಂದು ತಂಗಿ ಕೇಳಿದ್ದಕ್ಕೆ, ಮಗುವಿಗೆ ನಾನು ಬೇಕಾಗುವಷ್ಟು ದಿನ ಎಂದಿದ್ದಳು.

ಹಾಗೆ ಎರಡು ವರ್ಷ ನಡೆದಿತ್ತು. ಬೆಳಕು ಹರಿಯುವ ಮೊದಲೇ ಎದ್ದು ಓಟ್ಸ್ ಗಂಜಿಗೆ ಚಕ್ಕೆ ಹಾಕಿ ಕುದಿಯಲು ಇಡುವಳು. ಕೂದಲು ಅಂಟಿಕೊಂಡು ನಿಲ್ಲಲೆಂದು ಪಕ್ಕದ ಒಲೆಯ ಮೇಲೆ ಅಗಸೆಬೀಜ ಕುದಿಸಿ, ಬಟ್ಟೆಯಲ್ಲಿ ಹಿಂಡಿ ಲೋಳೆ ತೆಗೆಯುವಳು. ಆಮೇಲೆ ಮೊಮ್ಮಗಳನ್ನು ಎಬ್ಬಿಸಿ ಅಡುಗೆಮನೆಯ ಬೆಂಚಿನ ಮೇಲೆ ಬೆನ್ನು ತನ್ನತ್ತ ಮಾಡಿ ಕೂರಿಸಿಕೊಳ್ಳುವಳು. ಮಗು ನಿದ್ದೆಗಣ್ಣಿನಲ್ಲಿ ಗಂಜಿ ಕುಡಿಯುತ್ತಿದ್ದರೆ ಅವಳು ಲೋಳೆ ಹಚ್ಚಿ, ಬೈತಲೆ ತೆಗೆದು, ಹೆಣೆಯುತ್ತ ಹೋಗುವಳು. ಅದೇ ಬಣ್ಣ, ಅದೇ ನುಣುಪು. ಕೈಯಲ್ಲಿ ಹಿಡಿದಿರುವುದು ಯಾರ ಕೂದಲು ಎಂದು ಒಮ್ಮೊಮ್ಮೆ ಮರೆತೇ ಹೋಗುತ್ತಿತ್ತು. ಬೆರಳುಗಳ ಗಂಟು ಊದಿಕೊಂಡಿದ್ದರಿಂದ ಬಿಗಿ ಹಿಡಿಯಲು ಕಷ್ಟವಾಗುತ್ತಿತ್ತು, ಆದರೂ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬಿಟ್ಟುಕೊಡಲು ಮನೆಯಲ್ಲಿ ಬೇರೆ ಹೆಂಗಸೂ ಇರಲಿಲ್ಲ.

ಆ ವರ್ಷ ಈಸ್ಟರ್ ಕಳೆದ ವಾರ ನಿಲ್ಟನ್ ಗ್ಲಾಡಿಸ್‌ಳನ್ನು ಮನೆಗೆ ಕರೆತಂದ. ಮೂವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಮೀನು ಸೀಳುವ ಕೆಲಸ. ಒಂದು ಸೂಟ್‌ಕೇಸು, ಒಂದು ಪ್ರೆಷರ್ ಕುಕ್ಕರು ಇಷ್ಟೇ ತಂದಿದ್ದಳು. ಅತ್ತೆಗೆ ಅಳಿಯ ಮುಂಚಿತವಾಗಿ ಏನೂ ಹೇಳಿರಲಿಲ್ಲ. ಊಟಕ್ಕೆ ಕೂತಾಗ, "ಇವಳು ಇನ್ನು ಇಲ್ಲೇ ಇರ್ತಾಳೆ ಅತ್ತೆ" ಎಂದ, ಅಷ್ಟೆ. ಎರ್ಲಿಂಡಾ ಎದ್ದು ಇನ್ನೊಂದು ತಟ್ಟೆ ತಂದಿಟ್ಟಳು.

ಗಂಡಸು ಎಷ್ಟು ದಿನ ಒಂಟಿಯಾಗಿರುತ್ತಾನೆ, ಅದು ಅವಳಿಗೂ ಗೊತ್ತಿತ್ತು. ಗ್ಲಾಡಿಸ್ ಮಾತಿನಲ್ಲಿ ಕೆಟ್ಟವಳಲ್ಲ. ಬಂದ ಮರುದಿನವೇ ಬಟ್ಟೆ ಒಗೆಯುವ ತೊಟ್ಟಿ ತಿಕ್ಕಿದಳು, ಸೋರುವ ನಲ್ಲಿಗೆ ಬಟ್ಟೆ ಸುತ್ತಿದಳು, ಎರ್ಲಿಂಡಾಳನ್ನು ಅಮ್ಮ ಎಂದೇ ಕರೆದಳು. ಬೋಟುಗಳು ಬಂದಾಗ ಕಾರ್ಖಾನೆಯಿಂದ ಕರೆ ಬರುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದಳು. ಎಷ್ಟು ನಿಂಬೆಹಣ್ಣು ತಿಕ್ಕಿದರೂ ಅವಳ ಕೈಯ ಮೀನಿನ ವಾಸನೆ ಹೋಗುತ್ತಿರಲಿಲ್ಲ. ಮೀನು ಒಣಗಿಸಿ ಹುಡಿ ಮಾಡುವ ಕಾರ್ಖಾನೆಗಳಿಂದ ಇಡೀ ಊರೇ ನಾರುವಾಗ ಒಬ್ಬಳ ಕೈಯ ವಾಸನೆ ಯಾರಿಗೂ ತಿಳಿಯಬೇಕಾಗಿರಲಿಲ್ಲ. ಎರ್ಲಿಂಡಾಳಿಗೆ ಮಾತ್ರ ತಿಳಿಯುತ್ತಿತ್ತು.

ಮೇ ತಿಂಗಳ ಒಂದು ಸೋಮವಾರ ಎರ್ಲಿಂಡಾ ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಕಾಯುತ್ತಿದ್ದಳು. ಮಾಯ್ರಾ ಎಂದಿನಂತೆ ಮುಖದ ತುಂಬ ಕೂದಲು ಹರಡಿಕೊಂಡು ಬಂದಳು. ಸಾಲು ನೋಡಿಕೊಳ್ಳುವ ಶಿಸ್ತಿನ ಮಿಸ್ಸು ಹಿಂದೆಯೇ ಬಂದು, ಆಟದ ಬಿಡುವು ಮುಗಿದು ಬಾವುಟದ ಮುಂದೆ ನಿಲ್ಲಿಸಿದಾಗ ಇವಳನ್ನು ಕೊನೆಯ ಸಾಲಿಗೆ ಕಳಿಸಬೇಕಾಯಿತು ಎಂದಳು. ಹೀಗೇ ಬಿಟ್ಟರೆ ಹೇನು ಹತ್ತುತ್ತದೆ, ಬೇರೆ ಮಕ್ಕಳ ತಾಯಂದಿರು ದೂರು ಹೇಳುತ್ತಾರೆ ಎಂದಳು. ದಿನಾ ಅಗಸೆಲೋಳೆ ಹಾಕಿ ಬಿಗಿಯಾಗಿಯೇ ಕಟ್ಟುತ್ತೇನೆ ಎಂದು ಎರ್ಲಿಂಡಾ ವಿವರಿಸಲು ಹೋದಳು. ಮಿಸ್ಸು ಆಗಲೇ ಪಕ್ಕದಲ್ಲಿದ್ದ ಇನ್ನೊಬ್ಬ ಮಿಸ್ಸಿನತ್ತ ತಿರುಗಿದ್ದಳು.

"ತಾಯಿ ಇಲ್ಲದ ಮಗು. ತಲೆ ನೋಡಿದ್ರೇ ಗೊತ್ತಾಗುತ್ತೆ."

ಮೆಲ್ಲಗೇ ಹೇಳಿದ್ದಳು. ಆದರೂ ಎರ್ಲಿಂಡಾಳ ಕಿವಿಗೆ ಬಿತ್ತು. ದಾರಿಯುದ್ದಕ್ಕೂ ಮಗುವಿನ ಕೈ ಬಿಗಿಯಾಗಿ ಹಿಡಿದು ನಡೆದಳು. ಮರುದಿನ ಬೆಳಿಗ್ಗೆ ಲೋಳೆಯನ್ನು ಇನ್ನೂ ಗಟ್ಟಿ ಮಾಡಿದಳು. ಹಣೆಯ ಚರ್ಮ ಹಿಂದಕ್ಕೆ ಎಳೆದುಕೊಂಡು ಮಗುವಿನ ಕಣ್ಣು ಓರೆಯಾಗುವಷ್ಟು ಬಿಗಿದು ಕಟ್ಟಿದಳು. ಮಧ್ಯಾಹ್ನ ನೋಡಿದರೆ ಅದೇ ಕಥೆ.

ಗ್ಲಾಡಿಸ್ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಸಂಜೆ ಬಟಾಣಿ ಸುಲಿಯುತ್ತ, ಕೂದಲನ್ನು ಅಷ್ಟು ಸಾರಿ ತೊಳೆಯುವುದರಿಂದ ಜಾರುತ್ತದೇನೋ, ಮೊದಲು ಮುಂದೆ ಎರಡು ಸಣ್ಣ ಎಳೆ ಹೆಣೆದು ಆಮೇಲೆ ದೊಡ್ಡ ಜಡೆಗೆ ಸೇರಿಸಿದರೆ ನಿಲ್ಲಬಹುದು, ಬೇಕಾದರೆ ನಾನೇ ಒಂದು ದಿನ ಹಾಕಿಕೊಡುತ್ತೇನೆ ಎಂದಳು.

"ಅವಳ ತಲೆಗೆ ಕೈ ಹಾಕೋಕೆ ನಾನಿದ್ದೀನಿ" ಎಂದಳು ಎರ್ಲಿಂಡಾ.

"ಇದ್ದೀರಿ ಅಮ್ಮ, ಇಲ್ಲ ಅಂದೆನಾ? ನಿಮ್ಮ ಬೆರಳು ನೋಯುತ್ತಲ್ಲ ಅಂತ ಅಂದೆ."

"ನನ್ನ ಬೆರಳಿನ ಚಿಂತೆ ನಿನಗೆ ಬೇಡ. ನಿನ್ನ ಬೆರಳು ತೊಳ್ಕೊ ಮೊದಲು."

ಗ್ಲಾಡಿಸ್ ಬಟಾಣಿ ಸಿಪ್ಪೆಯನ್ನು ಒಟ್ಟುಮಾಡಿ ಎದ್ದುಹೋದಳು. ನಿಲ್ಟನ್ ಸಮುದ್ರದ ಮೇಲಿದ್ದ. ಮಾಯ್ರಾ ಮೇಜಿನ ಕೆಳಗೆ ಕೂತು ಗೊಂಬೆಗೆ ಬಟ್ಟೆ ತೊಡಿಸುತ್ತಿದ್ದಳು.

ಅಲ್ಲಿನ ಚಳಿಗಾಲ ಶುರುವಾಗುವ ಜೂನ್ ತಿಂಗಳಲ್ಲಿ ಎರ್ಲಿಂಡಾ ಜ್ವರ ಹಿಡಿದು ಮಲಗಿದಳು. ಏಳಲು ಹೋದರೆ ಗೋಡೆ ತಿರುಗುತ್ತಿತ್ತು. ಅಡುಗೆಮನೆಯಿಂದ ಗಂಜಿಯ ವಾಸನೆ ಬಂತು, ಗ್ಲಾಡಿಸ್‌ಳ ದನಿ ಕೇಳಿಸಿತು, ಮಗು ಯಾವುದಕ್ಕೋ ನಕ್ಕದ್ದೂ ಕೇಳಿಸಿತು. ಬೆಂಚಿನ ಮೇಲೆ ಕೂತಾಗ ಮಗು ನಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಮಾಯ್ರಾ ಓಡಿಬಂದು ಹಾಸಿಗೆಯ ಪಕ್ಕ ನಿಂತಳು. ಜಡೆ ಕದಲಿರಲಿಲ್ಲ. ಬೆಳಿಗ್ಗೆ ಹೇಗಿತ್ತೋ ಹಾಗೇ, ಬಿಳಿ ರಿಬ್ಬನ್ನು ಹೂವಿನ ಹಾಗೆ ಕೂತಿತ್ತು. "ನೋಡಿ ಅಜ್ಜಿ, ಒಂದು ಸಲಾನೂ ಬಿಚ್ಚಲಿಲ್ಲ" ಎಂದು ತಿರುಗಿ ತಿರುಗಿ ತೋರಿಸಿದಳು.

ಎರ್ಲಿಂಡಾ ಅವಳನ್ನು ಹತ್ತಿರ ಎಳೆದುಕೊಂಡು ತಲೆ ಮೂಸಿದಳು.

"ಮೀನು ನಾರ್ತಾ ಇದೆ" ಎಂದಳು. "ಕ್ಲಾಸಲ್ಲಿ ಯಾರೂ ಮೂಗು ಮುಚ್ಕೊಳ್ಳಲಿಲ್ವಾ?"

ಮಗುವಿನ ಮುಖ ಇಳಿಯಿತು. ಎರ್ಲಿಂಡಾ ಜ್ವರದಲ್ಲೇ ಎದ್ದು, ಗೋಡೆ ಹಿಡಿದುಕೊಂಡು ತೊಟ್ಟಿಯವರೆಗೆ ಹೋಗಿ, ಜಡೆ ಬಿಚ್ಚಿ ತಲೆ ತೊಳೆದಳು. ತಣ್ಣೀರು ಬೀಳುವಾಗ ಮಾಯ್ರಾ ತೊಟ್ಟಿಯ ಅಂಚನ್ನು ಹಿಡಿದುಕೊಂಡು ನಿಂತಳು.

ಆ ಮಾತು ಮಗುವಿನ ತಲೆಯೊಳಗೆ ಕೂತುಬಿಟ್ಟಿತು. ಮರುದಿನ ಗ್ಲಾಡಿಸ್ ಬಾಚಣಿಗೆ ಹಿಡಿದು ಕರೆದಾಗ ಬರಲಿಲ್ಲ. ಮುಂದಿನ ಸೋಮವಾರ ನಿಲ್ಟನ್ ಮನೆಯಲ್ಲಿದ್ದ. ಬೋಟುಗಳಿಗೆ ಸಮುದ್ರಕ್ಕೆ ಇಳಿಯಲು ಅಪ್ಪಣೆ ಇಲ್ಲದ ದಿನಗಳು. ಪ್ರತಿ ಸೋಮವಾರದ ರೂಢಿಯಂತೆ ಬೇಳೆ, ಅನ್ನ, ಹುರಿದ ಮೀನು ಮೇಜಿನ ಮೇಲಿತ್ತು. ಗ್ಲಾಡಿಸ್ ಮೀನಿನ ಮುಳ್ಳು ತೆಗೆದು ಮಾಯ್ರಾಳ ತಟ್ಟೆಗೆ ಹಾಕಿದಳು. ಮಗು ತಟ್ಟೆಯನ್ನು ದೂರ ತಳ್ಳಿತು.

"ಗ್ಲಾಡಿಸ್ ಮುಟ್ಟಿದ್ದು ನನಗೆ ಬೇಡ. ಅವರ ಕೈ ನಾರುತ್ತೆ."

ನಿಲ್ಟನ್ ಚಮಚ ಕೆಳಗಿಟ್ಟ. "ಏನಂದೆ?"

ಮಾಯ್ರಾ ಅಜ್ಜಿಯ ಕಡೆ ನೋಡಿದಳು. ಅಷ್ಟೇ ಸಾಕಾಯಿತು.

"ಇದು ಮಗು ಆಡೋ ಮಾತಲ್ಲ" ಎಂದ ನಿಲ್ಟನ್. ಅತ್ತೆಯನ್ನೇ ನೋಡುತ್ತಿದ್ದ. "ನನ್ನ ಕೈನೂ ಮೀನೇ ನಾರೋದು. ನೋರ್ಮಾಳ ಜೊತೆ ಹತ್ತು ವರ್ಷ ಬಾಳಿದೆ, ಅವಳು ಒಂದು ದಿನ ಅನ್ನಲಿಲ್ಲ. ಈ ಮನೇಲಿ ಎಲ್ಲರೂ ತಿಂತಿರೋದು ಆ ನಾತದ ಅನ್ನಾನೇ ಅತ್ತೆ."

ಅವನು ತಟ್ಟೆ ಬಿಟ್ಟು ಹೊರಗೆ ಹೋದ. ಗ್ಲಾಡಿಸ್ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಮೂರು ತಟ್ಟೆ ತೊಳೆದು, ಅವನ ಊಟ ಮುಚ್ಚಿಟ್ಟಳು. ಆ ವಾರದ ಕೊನೆಗೆ ಕಾರ್ಖಾನೆಯ ಕೆಲಸ ಬಿಟ್ಟು, ಮಾರುಕಟ್ಟೆಯ ಹತ್ತಿರದ ಒಂದು ಊಟದ ಅಂಗಡಿಯಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿಕೊಂಡಳು. ಸಂಬಳ ಕಡಿಮೆ. ಆದರೆ ಮಗು ಎದ್ದು ಗಂಜಿ ಕುಡಿಯುವ ಹೊತ್ತಿಗೆ ಮನೆಯಲ್ಲಿರುತ್ತಿದ್ದಳು, ಶಾಲೆ ಬಿಡುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ದಾರಿಯಲ್ಲಿ ಶಾಲೆ ಸಿಗುವುದರಿಂದ ಮಗುವನ್ನು ನಾನೇ ಕರೆತರುತ್ತೇನೆ, ನೀವು ಚಳಿಯಲ್ಲಿ ಯಾಕೆ ಬರುತ್ತೀರಿ ಎಂದಳು. ಮಾತಿನಲ್ಲಿ ಕೊಂಕು ಇತ್ತೇ ಎಂದು ಎರ್ಲಿಂಡಾ ಹುಡುಕಿದಳು. ಇರಲಿಲ್ಲ.

ಜಡೆಯ ಕೆಲಸವೊಂದು ಉಳಿಯಿತು. ಅದನ್ನು ಅವಳು ಇನ್ನಷ್ಟು ಪಟ್ಟು ಹಿಡಿದು ಮಾಡತೊಡಗಿದಳು. ಲೋಳೆಯ ಮೇಲೆ ನಿಂಬೆರಸ, ಅದರ ಮೇಲೆ ಒಂದು ಡಜನ್ ಕಪ್ಪು ಕ್ಲಿಪ್ಪು. ಮಗುವಿನ ಹಣೆಯ ಅಂಚಿನಲ್ಲಿ ಕೆಂಪು ಗುಳ್ಳೆಗಳೆದ್ದವು. ಎರ್ಲಿಂಡಾ ಅದಕ್ಕೆ ಮುಲಾಮು ಹಚ್ಚಿ, ಮತ್ತೆ ಅದರ ಮೇಲೇ ಬಿಗಿದಳು. ಜುಲೈ ಕೊನೆಯ ರಾಷ್ಟ್ರೀಯ ಹಬ್ಬದ ಮೆರವಣಿಗೆಗೆ ಮಕ್ಕಳನ್ನು ಆರಿಸುತ್ತಿದ್ದರು. ಮಾಯ್ರಾ ಹೆಜ್ಜೆ ಚೆನ್ನಾಗಿ ಹಾಕುತ್ತಾಳಂತೆ, ಹಿತ್ತಿಲಲ್ಲಿ ದಿನಾ ಮೊಣಕಾಲು ಎತ್ತಿ ಎತ್ತಿ ನಡೆದು ತೋರಿಸುತ್ತಿದ್ದಳು. ಆದರೆ ಟೋಪಿಯ ಕೆಳಗೆ ಒಂದು ಎಳೆಯೂ ಕಾಣಬಾರದು ಎಂದು ಮಿಸ್ಸು ಹೇಳಿದ್ದಳಂತೆ.

ಆ ಆಯ್ಕೆಯ ಹಿಂದಿನ ಶನಿವಾರ ಎರ್ಲಿಂಡಾ ಸ್ಮಶಾನಕ್ಕೆ ಹೋದಳು. ಎತ್ತರದ ಗೋಡೆಯಲ್ಲಿ ಶವಪೆಟ್ಟಿಗೆ ಇಟ್ಟು ಮುಚ್ಚಿದ ಸಾಲು ಸಾಲು ಗೂಡುಗಳು, ಮೇಲಿನಿಂದ ಎರಡನೆಯದು ನೋರ್ಮಾಳದು. ಏಣಿ ಬಾಡಿಗೆಗೆ ಪಡೆದು ಹತ್ತಿ ಧೂಳು ಒರೆಸಿ, ಹೂವಿಟ್ಟು, ಅಲ್ಲೇ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದಳು. ಮನೆಗೆ ಬಂದಾಗ ಬಾಗಿಲಲ್ಲಿ ಒಂದು ಗಂಡುಮಗು ನಿಂತಿತ್ತು. ಅದು ಮಾಯ್ರಾ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

ಕೂದಲು ಕಿವಿಯ ಮೇಲಕ್ಕೆ ಹೋಗಿತ್ತು. ಕುತ್ತಿಗೆ ಬರಿದಾಗಿ, ಬೆಳ್ಳಗೆ, ಎಳೆಯದಾಗಿ ಕಾಣುತ್ತಿತ್ತು.

"ಯಾರು ಮಾಡಿದ್ದು ಇದನ್ನ?" ಎಂದು ಕೇಳಿದಳು. ಗ್ಲಾಡಿಸ್ ಒಲೆಯ ಮುಂದಿನಿಂದ ತಿರುಗಿ, ಬೀದಿ ಮೂಲೆಯ ಕ್ಷೌರದಂಗಡಿಗೆ ತಾನೇ ಕರೆದುಕೊಂಡು ಹೋಗಿದ್ದೆ ಎಂದಳು.

"ಸತ್ತವಳ ಕೂದಲು ಕಣ್ಣಿಗೆ ಚುಚ್ತಿತ್ತು ನಿನಗೆ. ಅವಳ ಹಾಸಿಗೆ ತಗೊಂಡೆ, ಅವಳ ಒಲೆ ತಗೊಂಡೆ. ಉಳಿದಿದ್ದು ಇದೊಂದು, ಇದನ್ನೂ ಕತ್ತರಿಸಿ ಎಸೆದೆ."

ಗ್ಲಾಡಿಸ್ ಮಗುವನ್ನು ನೋಡಿದಳು, ಮತ್ತೆ ಒಲೆಯತ್ತ ತಿರುಗಿದಳು. ನಿಲ್ಟನ್ ಒಳಕೋಣೆಯಿಂದ ಬಂದು, "ನಾನೇ ಹೂಂ ಅಂದೆ ಅತ್ತೆ. ಕೂದಲು ತಾನೇ, ಬೆಳೆಯುತ್ತೆ. ಸಾಕು ಮಾಡಿ" ಎಂದ.

ಅವಳು ಸಾಕು ಮಾಡಲಿಲ್ಲ. ಶಾಲು ತೆಗೆಯದೆ ಹಾಗೇ ಕ್ಷೌರದಂಗಡಿಗೆ ನಡೆದಳು. ಮಧ್ಯಾಹ್ನ ಕತ್ತರಿಸಿದ ಹುಡುಗಿಯ ಕೂದಲು ಎಲ್ಲಿ ಎಂದು ಕೇಳಿದಳು. ಕ್ಷೌರದವನು ಮುದುಕಿಯ ಮುಖ ನೋಡಿ, ಹಿಂದಿನ ಮೂಲೆಯ ಬುಟ್ಟಿಯನ್ನು ತೋರಿಸಿದ. ಶನಿವಾರದ ಗಿರಾಕಿಗಳ ಕೂದಲೆಲ್ಲ ಅದರಲ್ಲೇ ಇತ್ತು, ಕಪ್ಪು, ನರೆ, ಒರಟು, ಗಡ್ಡದ ಚೂರು, ಸಾಬೂನಿನ ನೊರೆ. ಬಗ್ಗಿ ಕೈ ಹಾಕಿದಳು. ಮೇಲಿನದನ್ನು ಸರಿಸಿ ನೋಡಿದಳು. ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡಿತ್ತು. ಕೈ ಒರೆಸಿಕೊಂಡು ಹಿಂದಿರುಗಿದಳು.

ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಾಗ ಮಾಯ್ರಾ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಕಾಲ್ಬೆರಳಿನಿಂದ ನೆಲ ಕೆದರಿದಳು.

"ಗ್ಲಾಡಿಸ್‌ನ ಬಯ್ಯಬೇಡಿ ಅಜ್ಜಿ. ನಾನೇ ಕೇಳಿದ್ದು. ಅಪ್ಪನ್ನೂ ನಾನೇ ಕೇಳಿದೆ."

"ಮೆರವಣಿಗೆಗಾಗಿಯಾ? ಇನ್ನೂ ಬಿಗಿಯಾಗಿ ಕಟ್ಟಿ ಕಳಿಸ್ತಿದ್ದೆನಲ್ಲ ನಾನು."

"ಬಿಗಿಯಾಗಿ ಕಟ್ಟಿದ್ರೆ ನೋಯುತ್ತೆ ಅಜ್ಜಿ. ಕಣ್ಣು ಎಳೆದು ಬೋರ್ಡು ಸರಿಯಾಗಿ ಕಾಣಲ್ಲ. ಅದಕ್ಕೇ ಆಟದ ಬಿಡುವಲ್ಲಿ ನಾನೇ ಬಿಚ್ಕೊತಿದ್ದೆ."

ಎರ್ಲಿಂಡಾ ಅವಳನ್ನೇ ನೋಡಿದಳು. "ನೀನೇ ಬಿಚ್ಚುತಿದ್ದೆಯಾ? ದಿನಾನಾ?"

"ದಿನಾ ಅಲ್ಲ. ಗ್ಲಾಡಿಸ್ ಹಾಕಿದ ದಿನ ಬಿಚ್ಚಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ಸಡಿಲ ಮಾಡ್ತಿರಲಿಲ್ವಾ ನಾನು?"

ಮಾಯ್ರಾ ತಲೆ ತಗ್ಗಿಸಿಕೊಂಡಳು. "ಬಾಚೋವಾಗ ನೀವು ಅಳ್ತೀರಲ್ಲ. ನನ್ನ ಕುತ್ತಿಗೆ ಮೇಲೆ ಬೀಳುತ್ತೆ. ಹೇಳಿದ್ರೆ ಇನ್ನೂ ಅಳ್ತೀರೇನೋ ಅಂತ ಸುಮ್ಮನಿದ್ದೆ."

ಎರಡು ವರ್ಷ ಎರ್ಲಿಂಡಾ ಮಗುವಿನ ಬೆನ್ನ ಹಿಂದೆ ಯಾರಿಗೂ ಕಾಣದಂತೆ ಅಳುತ್ತಿದ್ದೇನೆಂದುಕೊಂಡಿದ್ದಳು. ಮಗು ಅಷ್ಟೂ ದಿನ ಗಂಜಿ ಕುಡಿಯುತ್ತ, ನೋವು ನುಂಗುತ್ತ, ತನ್ನನ್ನು ಸಂಭಾಳಿಸುತ್ತಿತ್ತು. ಚಳಿಯಾಗುತ್ತೆ ಒಳಗೆ ಹೋಗು ಎಂದಷ್ಟೇ ಹೇಳಿದಳು. ಮಾಯ್ರಾ ಎದ್ದು ಹೋದಳು.

ಅಂದಿನಿಂದ ಬೆಳಗುಗಳು ಬೇರೆಯಾದವು. ಎರ್ಲಿಂಡಾ ಹಳೆಯ ಹೊತ್ತಿಗೇ ಏಳುವಳು. ಗಂಜಿಯನ್ನು ಗ್ಲಾಡಿಸ್ ಮಾಡಿರುತ್ತಿದ್ದಳು. ಮಗು ಮುಂಚಿಗಿಂತ ಹೆಚ್ಚು ಹೊತ್ತು ಮಲಗಿ, ಎದ್ದು, ನಲ್ಲಿಯ ಕೆಳಗೆ ತಲೆ ಒಡ್ಡಿ ಕೈಯಿಂದಲೇ ಕೂದಲು ಹಿಂದಕ್ಕೆ ತಳ್ಳಿಕೊಂಡರೆ ಆಯಿತು, ಬ್ಯಾಗು ಹೆಗಲಿಗೆ. ಹಣೆಯ ಗುಳ್ಳೆಗಳು ಒಣಗಿದವು. ಮೆರವಣಿಗೆಗೆ ಅವಳನ್ನು ಆರಿಸಿದರು, ಮುಂದಿನ ಸಾಲಿಗೇ. ಸುದ್ದಿಯನ್ನು ಮೊದಲು ಹೇಳಿದ್ದು ಗ್ಲಾಡಿಸ್‌ಗೆ, ಗೇಟಿನ ಹತ್ತಿರ ಸಿಕ್ಕವಳು ಅವಳಾದ್ದರಿಂದ. ಮನೆಗೆ ಬಂದ ಮೇಲೆ ಅಜ್ಜಿಗೂ ಹೇಳಿದಳು.

ಎರ್ಲಿಂಡಾ ಗ್ಲಾಡಿಸ್‌ಳ ಕ್ಷಮೆ ಕೇಳಬೇಕೆಂದು ಎರಡು ಮೂರು ಸಲ ಅಡುಗೆಮನೆಗೆ ಹೋದಳು. ಹೋದವಳು ಆಲೂಗಡ್ಡೆ ಸುಲಿದು ಕೊಟ್ಟು ಬಂದಳು. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ, ತಂಗಿಗೆ ಕಾಲುನೋವು ಜಾಸ್ತಿಯಂತೆ, ಕಾಸ್ಮಾಕ್ಕೆ ಹೋಗುತ್ತೇನೆ ಎಂದಳು. ಯಾವಾಗ ಎಂದು ನಿಲ್ಟನ್ ಕೇಳಿದ. ಬೇಡ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಎಷ್ಟು ಹೊತ್ತಿನ ಬಸ್ಸು ಅನುಕೂಲ ಎಂದು ಯೋಚಿಸಿ ಹೇಳಿದ.

ಗಂಟು ಕಟ್ಟುವಾಗ ಗ್ಲಾಡಿಸ್ ಬಾಗಿಲಲ್ಲಿ ಬಂದು ನಿಂತಳು.

"ಹೋಗಬೇಡಿ ಅಮ್ಮ. ನನ್ನ ಮನಸ್ಸಲ್ಲಿ ಏನೂ ಇಲ್ಲ. ಒಂದು ತಟ್ಟೆ ಅನ್ನ ನಮಗೆ ಹೆಚ್ಚಾಗಲ್ಲ."

ಪ್ರೀತಿಯಿಂದಲೇ ಹೇಳಿದ್ದಳು. ಆದರೆ ಎರ್ಲಿಂಡಾಳ ಕೈ ಗಂಟಿನ ಮೇಲೆ ನಿಂತಿತು. ಹೋಗಲೋ ಬೇಡವೋ ಎಂದು ಒಳಗೊಳಗೇ ಅಲ್ಲಿಯವರೆಗೂ ತೂಗುತ್ತಿದ್ದಳು. ಈ ಮನೆಯಲ್ಲಿ ತಾನು ಇನ್ನು ಬರೀ ಒಂದು ತಟ್ಟೆ ಅನ್ನ ಎಂದು ತಿಳಿದ ಮೇಲೆ ತೂಗುವುದಕ್ಕೇನೂ ಉಳಿಯಲಿಲ್ಲ.

"ಮಗು ಸೌತೆಕಾಯಿ ತಿನ್ನಲ್ಲ" ಎಂದಳು. "ಒತ್ತಾಯ ಮಾಡ್ಬೇಡ. ಜ್ವರ ಬಂದ್ರೆ ಕಾಲಿಗೆ ಸಾಕ್ಸ್ ಹಾಕು."

"ಆಯ್ತಮ್ಮ."

"ಆವತ್ತು ವಾಸನೆ ಅಂದೆನಲ್ಲ..."

"ಬಿಡಿ ಅಮ್ಮ" ಎಂದು ಗ್ಲಾಡಿಸ್ ಗಂಟನ್ನು ತಾನೇ ಎತ್ತಿಕೊಂಡಳು.

ಹೊರಟ ದಿನ ಮಾಯ್ರಾಳಿಗೆ ಬೆಳಿಗ್ಗೆಯೇ ಮೆರವಣಿಗೆಯ ಅಭ್ಯಾಸವಿತ್ತು. ತಡವಾದರೆ ಸಾಲಿನಿಂದ ತೆಗೆಯುತ್ತಾರೆ ಎಂಬ ಗಾಬರಿ ಬೇರೆ. ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ಅಜ್ಜಿಯನ್ನು ತಬ್ಬಿಕೊಂಡು, ಭಾನುವಾರ ಬರ್ತೀರಾ ಎಂದು ಕೇಳಿದಳು. ಬರ್ತೀನಿ ಎಂದಳು ಎರ್ಲಿಂಡಾ. ಯಾವ ಭಾನುವಾರ ಎಂದು ಇಬ್ಬರೂ ಹೇಳಲಿಲ್ಲ.

ಬಸ್ಸು ಮಾರುಕಟ್ಟೆ ದಾಟಿ ಶಾಲೆಯ ಪಕ್ಕದ ಮೈದಾನದ ಬಳಿ ನಿಂತಿತು. ಮುಂದೆ ತರಕಾರಿ ಗಾಡಿಗಳು ಅಡ್ಡವಾಗಿದ್ದವು. ಡೋಲು ಕೇಳಿಸಿತು. ಮೈದಾನದ ತುಂಬ ಮಕ್ಕಳು, ಬೂದು ಬಣ್ಣದ ಬಟ್ಟೆ, ಎಲ್ಲರೂ ಒಂದೇ ಸಲ ಮೊಣಕಾಲು ಎತ್ತಿ ಒಂದೇ ಸಲ ಇಳಿಸುತ್ತಿದ್ದರು. ಎರ್ಲಿಂಡಾ ಕಿಟಕಿಯ ಗಾಜು ಸರಿಸಿ, ಪಕ್ಕದವಳ ಮೇಲೆ ಬಾಗಿ, ಸಾಲು ಸಾಲಾಗಿ ನೋಡಿದಳು. ಮೊದಲ ಸಾಲು, ಎರಡನೆಯದು, ಮತ್ತೆ ಮೊದಲಿನದು. ಜೋಳದ ತೆನೆಯ ಬಣ್ಣದ ಜಡೆಯೊಂದು ಬೆನ್ನ ಮೇಲೆ ಸಡಿಲವಾಗಿ ಜಾರುತ್ತಿರುವುದನ್ನು ಹುಡುಕಿದಳು. ಕಾಣಲಿಲ್ಲ. ಮಗು ಬಂದಿಲ್ಲವೇನೋ, ಮಿಸ್ಸು ಮತ್ತೆ ಹಿಂದಕ್ಕೆ ಕಳಿಸಿರಬೇಕು ಎಂದುಕೊಂಡು ಕೊನೆಯ ಸಾಲಿನವರೆಗೂ ಹುಡುಕಿದಳು.

ಗಾಡಿಗಳು ಸರಿದವು, ಬಸ್ಸು ಹೊರಟು ಹೆದ್ದಾರಿಗೆ ತಿರುಗಿತು. ತಾನು ಹುಡುಕಬೇಕಾಗಿದ್ದದ್ದು ಜಡೆಯನ್ನಲ್ಲ, ಕೂದಲು ಕತ್ತರಿಸಿದ ತಲೆಯನ್ನು ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಡೋಲಿನ ಸದ್ದೂ ನಿಂತುಹೋಗಿತ್ತು.